ಕಾಡಿನ ಪಕ್ಕ ಬದುಕುವುದಾದರೆ ಮೊದಲು ಸುಮ್ನೆ ಕೂರುವುದನ್ನು ಕಲಿಯಿರಿ

ಕಾಡಿನ ಅಂಚಿಗೋ ಹೊಳೆ ದಂಡೆಗೋ ಮನೆ ಬದಲಾಯಿಸುವವರು ಮೊದಲ ವಾರವೇ ಮಾಡುವ ಕೆಲಸ ಒಂದಿದೆ. ಸುತ್ತಮುತ್ತ ಚೊಕ್ಕಟ ಮಾಡುವುದು. ಪೊದೆ ಸವರುತ್ತಾರೆ, ತರಗೆಲೆ ಗುಡಿಸಿ ಸುಡುತ್ತಾರೆ, ಒಣಗಿದ ಮರ ಉರುಳಿಸುತ್ತಾರೆ. ದಯವಿಟ್ಟು ಸ್ವಲ್ಪ ತಡೆಯಿರಿ.

ನಾನೂ ಅದನ್ನೇ ಮಾಡಿದವನು. ಮನೆ ಹಿಂದೆ ಒಂದು ಬೋಳು ಮರ ಇತ್ತು, ಒಂದೇ ಒಂದು ಎಲೆ ಇರಲಿಲ್ಲ. ಬಿದ್ದರೆ ಅಪಾಯ ಅಂತಲೂ ಅಲ್ಲ, ನೋಡಲು ಚೆನ್ನಾಗಿಲ್ಲ ಅಂತ ಕಡಿಸಿದೆ. ನೆಲಕ್ಕೆ ಬಿದ್ದು ಸೀಳಿದಾಗ ಒಳಗಿನ ಪೊಟರೆ ತೆರೆದುಕೊಂಡಿತು. ಒಂದು ಹಿಡಿ ಮರದ ಪುಡಿ, ಅದರ ಮೇಲೆ ಇನ್ನೂ ಕಣ್ಣು ಬಿಡದ ಎರಡು ಮರಿ, ತೆಳ್ಳನೆ ಚರ್ಮದ ಕೆಳಗೆ ಎದೆ ಬಡಿದುಕೊಳ್ಳುವುದೂ ಕಾಣುತ್ತಿತ್ತು. ಮರಿಗಳು ಸಂಜೆಯೊಳಗೆ ಸತ್ತವು. ತಾಯಿ ಹಕ್ಕಿ ಮಾತ್ರ ಎರಡು ದಿನ ಬರುತ್ತಲೇ ಇತ್ತು, ಬಾಯಲ್ಲಿ ಹುಳ ಕಚ್ಚಿಕೊಂಡು, ಪೊಟರೆ ಇದ್ದ ಎತ್ತರದಲ್ಲೇ, ಖಾಲಿ ಗಾಳಿಯಲ್ಲಿ ಒಂದು ಗಳಿಗೆ ರೆಕ್ಕೆ ಬಡಿದು ನಿಂತು ಮತ್ತೆ ತಿರುಗಿ ಹೋಗುತ್ತಿತ್ತು.

ಆವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಎಲ್ಲಾ ಕಾಲಗಳೂ ಒಂದು ಸುತ್ತು ಬರುವ ತನಕ ಏನನ್ನೂ ಕಡಿಯಬೇಡಿ. ಛಾವಣಿ ಮೇಲೆ ಬಾಗಿದ ಕೊಂಬೆ, ಗೋಡೆಗೆ ಒತ್ತಿಕೊಂಡ ಒಣ ತರಗೆಲೆ, ಬೆಂಕಿ ಹತ್ತುವಂಥದ್ದು, ಇಷ್ಟನ್ನು ತೆಗೆಯಿರಿ. ಮಿಕ್ಕಿದ್ದು ಹಾಗೇ ಇರಲಿ. ಅಲ್ಲಿ ಯಾರು ಯಾರು ಇದ್ದಾರೆ ಅಂತ ನಿಮಗಿನ್ನೂ ಗೊತ್ತಿಲ್ಲ.

ಗೊತ್ತು ಮಾಡಿಕೊಳ್ಳುವ ದಾರಿ ತುಂಬಾ ಸರಳ. ಒಂದು ಜಾಗ ಆರಿಸಿ ಅಲ್ಲಿ ಕೂರಿ. ಆ ಜಾಗ ಮನೆಯಿಂದ ಐದು ನಿಮಿಷಕ್ಕಿಂತ ದೂರ ಇರಬಾರದು, ದೂರ ಇದ್ದರೆ ಎರಡನೇ ವಾರದಿಂದ ನೀವು ಹೋಗುವುದಿಲ್ಲ. ಬೆನ್ನಿಗೆ ಮರವೋ ಬಂಡೆಯೋ ಇರಲಿ. ಕೂರುವ ಮೊದಲು ಕೋಲಿನಿಂದ ಸುತ್ತ ಒಮ್ಮೆ ನೋಡಿ. ಫೋನ್ ಮನೆಯಲ್ಲೇ ಬಿಡಿ ಎನ್ನುವುದಿಲ್ಲ, ಅವಘಡ ಅಂದರೆ ಬೇಕಾಗುತ್ತದೆ, ಆದರೆ ಸದ್ದು ಆರಿಸಿ ಜೇಬಲ್ಲಿಡಿ. ದಿನಾ ಅದೇ ಹೊತ್ತಿಗೆ ಹೋಗಿ, ಅರ್ಧ ಗಂಟೆ ಸಾಕು.

ಮೊದಲ ಹತ್ತು ನಿಮಿಷ ಏನೂ ಇರುವುದಿಲ್ಲ. ಬೇಜಾರಾಗಬೇಡಿ, ಅದಕ್ಕೆ ಕಾರಣ ನೀವೇ. ನೀವು ನಡೆದು ಬಂದ ಸದ್ದಿಗೆ ಎಲ್ಲರೂ ಬಾಯಿ ಮುಚ್ಚಿ ಅಡಗಿದ್ದಾರೆ. ಆಮೇಲೆ ದೂರದಲ್ಲಿ ಒಂದು ಚಿಲಿಪಿಲಿ, ಸ್ವಲ್ಪ ಹತ್ತಿರ ಇನ್ನೊಂದು, ಹಿಂದಿನಿಂದ ಎಲೆ ಸರಪರ. ಕಾಡು ನಿಮ್ಮ ಸುತ್ತ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಇದು ನನ್ನ ಕಲ್ಪನೆ ಅಲ್ಲ. ಅಮೆರಿಕದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಅಳಿಲುಗಳಿಗೆ ಗಿಡುಗದ ಕೂಗಿನ ರೆಕಾರ್ಡಿಂಗ್ ಕೇಳಿಸಿದರು, ಅವು ಬೆದರಿ ನಿಂತವು. ಆಮೇಲೆ ಕೆಲವಕ್ಕೆ ಹಕ್ಕಿಗಳ ಸಾಮಾನ್ಯ ಹರಟೆ ಕೇಳಿಸಿದರು, ಕೆಲವಕ್ಕೆ ಇಲ್ಲ. ಹರಟೆ ಕೇಳಿದ ಅಳಿಲುಗಳು ಬೇಗ ಸಮಾಧಾನವಾಗಿ ತಮ್ಮ ಕೆಲಸಕ್ಕೆ ಮರಳಿದವು. ಅಂದರೆ ಹಕ್ಕಿಗಳು ಆರಾಮಾಗಿ ಮಾತಾಡುತ್ತಿವೆ, ಅಪಾಯ ಇಲ್ಲ ಅಂತ ಅಳಿಲಿಗೆ ಅರ್ಥವಾಗುತ್ತದೆ. ನೀವೂ ಅದನ್ನೇ ಕಲಿಯಬೇಕು.

ಹಕ್ಕಿಗಳ ಹೆಸರು ಕಲಿಯುವ ಆತುರ ಬೇಡ. ಮೊದಲು ಹರಟೆ ಯಾವುದು, ಬೆದರಿಕೆ ಯಾವುದು ಅಂತ ಕಿವಿಗೆ ಬರಲಿ. ಹರಟೆಗೆ ಒಂದು ಲಯ ಇರುತ್ತದೆ, ಅಲ್ಲೊಂದು ಇಲ್ಲೊಂದು, ಅವಸರವಿಲ್ಲ. ಬೆದರಿಕೆಯ ಕೂಗು ಚುರುಕು, ಒಂದೇ ಸಮನೆ, ಮತ್ತು ಒಂದು ಜಾತಿ ಶುರು ಮಾಡಿದರೆ ಬೇರೆ ಜಾತಿಯವೂ ಸೇರಿಕೊಳ್ಳುತ್ತವೆ. ಆ ಕೂಗು ಜಾಗ ಬದಲಾಯಿಸುತ್ತಾ ಬಂದರೆ ಕೆಳಗೆ ಯಾವುದೋ ಪ್ರಾಣಿ ನಡೆದು ಬರುತ್ತಿದೆ ಅಂತ. ಒಂದೇ ಕಡೆ ಇದ್ದರೆ ಹಾವೋ ಗೂಬೆಯೋ ಕೂತಿರಬಹುದು. ಎಲ್ಲಾ ಒಮ್ಮೆಲೇ ನಿಂತು ಹೋದರೆ ಮೇಲೆ ನೋಡಿ, ಗಿಡುಗ ಇರಬಹುದು. ಉತ್ತರ ಅಮೆರಿಕದ ಚಿಕಡೀ ಎಂಬ ಪುಟ್ಟ ಹಕ್ಕಿಯ ಕೂಗಿನ ಕೊನೆಯಲ್ಲಿ 'ಡೀ ಡೀ' ಅಂತ ಬರುತ್ತದೆ. ಅಪಾಯ ಜಾಸ್ತಿಯಾದಷ್ಟೂ ಆ 'ಡೀ'ಗಳ ಲೆಕ್ಕ ಜಾಸ್ತಿ ಆಗುತ್ತದೆ ಅಂತ 2005ರಲ್ಲಿ ಗೊತ್ತಾಯಿತು. ದೊಡ್ಡ ಗೂಬೆಗಿಂತ ಚಿಕ್ಕ ಗೂಬೆಗೆ ಅದು ಜಾಸ್ತಿ ಕೂಗುತ್ತದೆ, ಯಾಕೆಂದರೆ ಚಿಕ್ಕದೇ ಚುರುಕಾಗಿ ತಿರುಗಿ ಹಿಡಿಯುವುದು.

ನೀವು ನೋಡುತ್ತಿರುವ ಹಾಗೆ ನಿಮ್ಮನ್ನೂ ನೋಡುತ್ತಿರುತ್ತಾರೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಮಾರ್ಜ್ಲಫ್ ತಂಡ 2006ರಲ್ಲಿ ಮುಖವಾಡ ಹಾಕಿಕೊಂಡು ಏಳು ಕಾಗೆ ಹಿಡಿದು, ಗುರುತು ಹಾಕಿ ಬಿಟ್ಟಿತು. ಆಮೇಲೆ ಅದೇ ಮುಖವಾಡ ಹಾಕಿ ನಡೆದರೆ ಕಾಗೆಗಳು ಸುತ್ತುಗಟ್ಟಿ ಬೈಯುತ್ತಿದ್ದವು. ವರ್ಷ ಕಳೆದ ಹಾಗೆ ಬೈಯುವ ಕಾಗೆಗಳು ಕಡಿಮೆಯಾಗಲಿಲ್ಲ, ಹೆಚ್ಚಾದವು, ಹಿಡಿಸಿಕೊಳ್ಳದೇ ಇದ್ದವೂ ಕಲಿತುಬಿಟ್ಟಿದ್ದವು. ಹಾಗಾಗಿ ಮೊದಲ ತಿಂಗಳು ನೀವು ಹೇಗೆ ನಡೆದುಕೊಳ್ಳುತ್ತೀರೋ ಅದೇ ನಿಮ್ಮ ಪರಿಚಯ. ದಿನಾ ಒಂದೇ ದಾರಿಯಲ್ಲಿ ಬನ್ನಿ. ನೆಟ್ಟ ನೋಟದಲ್ಲಿ ದಿಟ್ಟಿಸಬೇಡಿ. ಪ್ರಾಣಿ ತಲೆ ಎತ್ತಿ ನಿಮ್ಮನ್ನೇ ನೋಡಲು ಶುರು ಮಾಡಿದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ, ಮೆಲ್ಲಗೆ ಹಿಂದೆ ಸರಿಯಿರಿ.

ತಿನ್ನಿಸಬೇಡಿ. ಈ ಒಂದು ಮಾತಲ್ಲಿ ನಾನು ಸ್ವಲ್ಪ ಕಟುವಾಗಿಯೇ ಇರುತ್ತೇನೆ. ಕೈಯಿಂದ ತಿನ್ನಲು ಕಲಿತ ಪ್ರಾಣಿಗೆ ಮನುಷ್ಯನ ಹೆದರಿಕೆ ಹೋಗುತ್ತದೆ, ಮುಂದೆ ಅದು ಬಾಗಿಲು ಬಡಿಯುತ್ತದೆ, ಕೊಡದಿದ್ದರೆ ಮೈಮೇಲೆ ಬರುತ್ತದೆ, ಕೊನೆಗೆ ಯಾರೋ ಅದನ್ನು ಹಿಡಿದು ಸಾಗಿಸುತ್ತಾರೆ ಇಲ್ಲವೇ ಕೊಲ್ಲುತ್ತಾರೆ. ನಾವು ಪ್ರೀತಿ ಅಂದುಕೊಂಡು ಮಾಡಿದ್ದಕ್ಕೆ ಅದು ಜೀವ ತೆರುತ್ತದೆ. ಹಾಗಂತ ಮನುಷ್ಯ ಮತ್ತು ಕಾಡುಜೀವಿ ಒಟ್ಟಿಗೆ ಕೆಲಸ ಮಾಡಲು ಆಗುವುದೇ ಇಲ್ಲ ಅಂತಲ್ಲ. ಮೊಜಾಂಬಿಕ್‌ನ ನಿಯಾಸಾ ಕಾಡಿನಲ್ಲಿ 'ಯಾವೋ' ಎಂಬ ಸಮುದಾಯದ ಜನ ಒಂದು ವಿಶೇಷ ಕೂಗು ಹಾಕಿದರೆ ಹನಿಗೈಡ್ ಎಂಬ ಹಕ್ಕಿ ಬಂದು ಜೇನುಗೂಡಿನ ತನಕ ದಾರಿ ತೋರಿಸುತ್ತದೆ. ಆ ಕೂಗು ಹಾಕಿದಾಗ ಗೂಡು ಸಿಗುವ ಸಂಭವ ಮೂರು ಪಟ್ಟಿಗೂ ಜಾಸ್ತಿ ಅಂತ 2016ರ ಅಧ್ಯಯನ ತೋರಿಸಿತು. ಜನರಿಗೆ ಜೇನು, ಹಕ್ಕಿಗೆ ಮೇಣ. ಆದರೆ ಆ ಹಕ್ಕಿಯನ್ನು ಯಾರೂ ಪಳಗಿಸಿಲ್ಲ. ಅದು ಕಾಡಿನದ್ದಾಗಿಯೇ ಇದೆ, ತನ್ನ ಪಾಲನ್ನು ದುಡಿದೇ ತಿನ್ನುತ್ತದೆ.

ಹಾವಿನ ಮಾತು ಬಂದೇ ಬರುತ್ತದೆ ಅಲ್ವಾ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ವರ್ಷಕ್ಕೆ 81,000ದಿಂದ 1,38,000 ಜನ ಹಾವು ಕಚ್ಚಿ ಸಾಯುತ್ತಾರೆ, ಹಾಗಾಗಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆದರೆ ಹಾವನ್ನು ಕೊಂದು ಇದು ಬಗೆಹರಿಯುವುದಿಲ್ಲ, ಇಲಿಯನ್ನು ದೂರ ಇಡುವುದರಿಂದ ಬಹಳಷ್ಟು ಬಗೆಹರಿಯುತ್ತದೆ. ಕಾಳು, ಎಂಜಲು ಮುಚ್ಚಿಡಿ. ಸೌದೆ ರಾಶಿ ಗೋಡೆಯಿಂದ ದೂರ ಇರಲಿ, ಬಾಗಿಲ ಕೆಳಗಿನ ಸಂದಿ ಮುಚ್ಚಿ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡಿ, ಕಾಲು ಮುಚ್ಚುವ ಬೂಟು ಹಾಕಿ, ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಬೇಡಿ. ಕಚ್ಚಿದರೆ ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಉಂಗುರ, ಕಡಗ ತೆಗೆಯಿರಿ, ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆಗೆ ಹೋಗಿ. ಪ್ರತಿವಿಷ ಇರುವ ಆಸ್ಪತ್ರೆ ಯಾವುದು ಅಂತ ಮನೆಗೆ ಬಂದ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ರಾತ್ರಿಯನ್ನು ರಾತ್ರಿಯಾಗಿಯೇ ಬಿಡಿ. ಹೊರಗೆ ಇಡೀ ರಾತ್ರಿ ಉರಿಯುವ ಬಿಳಿ ದೀಪ ಬೇಡ. ಹುಳುಗಳು ದೀಪವನ್ನು ಇಷ್ಟಪಟ್ಟು ಬರುತ್ತವೆ ಅಂತ ನಾನು ಬಹಳ ಕಾಲ ನಂಬಿದ್ದೆ. 2024ರಲ್ಲಿ ಬಂದ ಒಂದು ಅಧ್ಯಯನ ಬೇರೆಯೇ ಕಾರಣ ಹೇಳಿತು. ಹಾರುವ ಹುಳು ಬೆಳಕಿನ ಕಡೆಗೆ ಬೆನ್ನು ತಿರುಗಿಸುತ್ತದೆ, ಯಾಕೆಂದರೆ ಅದಕ್ಕೆ ಬೆಳಕು ಇರುವ ಕಡೆಯೇ ಆಕಾಶ, ಅದೇ ಮೇಲು. ದೀಪ ಪಕ್ಕದಲ್ಲಿದ್ದರೆ ಪಾಪ ಮೇಲು ಕೆಳಗು ತಪ್ಪಿ ಅದರ ಸುತ್ತಲೇ ಸುತ್ತುತ್ತದೆ. ಬೇಕಾದಾಗ ಮಾತ್ರ ಹಚ್ಚಿ, ಬೆಳಕು ಕೆಳಗೆ ಬೀಳುವ ಹಾಗೆ ಮರೆ ಕಟ್ಟಿ. ಅಂಗಳದಲ್ಲಿ ದೀಪ ಆರಿಸಿ ಸುಮ್ನೆ ನಿಂತರೆ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಕಣ್ಣು ಕತ್ತಲಿಗೆ ಪಳಗುತ್ತದೆ. ಮಂಕಾದದ್ದನ್ನು ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿ, ಆಗ ಚೆನ್ನಾಗಿ ಕಾಣುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಒದ್ದೆ ಮಣ್ಣು ನೋಡಿ ಬನ್ನಿ, ರಾತ್ರಿ ಯಾರು ಬಂದಿದ್ದರು ಅಂತ ಅಲ್ಲಿ ಬರೆದಿರುತ್ತದೆ. ಹೆಜ್ಜೆ ಮುಂದೆ ಉಗುರಿನ ಚುಕ್ಕೆ ಇದ್ದರೆ ಬಹುಶಃ ನಾಯಿ ಜಾತಿ. ಬೆಕ್ಕಿನ ಜಾತಿಯವು ಉಗುರು ಒಳಗೆ ಎಳೆದುಕೊಂಡು ನಡೆಯುವುದರಿಂದ ಚುಕ್ಕೆ ಸಾಮಾನ್ಯವಾಗಿ ಬೀಳುವುದಿಲ್ಲ. ಅಂಚು ಚೂಪಾಗಿದ್ದರೆ ಹೊಸದು, ಉದುರಿ ದುಂಡಗಾಗಿದ್ದರೆ ಹಳೆಯದು. ಹೆಜ್ಜೆಯ ಒಳಗೆ ಮಳೆ ಹನಿಯ ಗುಳಿ ಇದ್ದರೆ ಮಳೆಗೆ ಮುಂಚೆ ಬಂದದ್ದು. ನೋಡಿದ್ದನ್ನು ಬೆನ್ನಟ್ಟಿ ಹೋಗಬೇಡಿ, ಅದರಲ್ಲೂ ಮರಿ ಹೆಜ್ಜೆ ಪಕ್ಕದಲ್ಲಿದ್ದರೆ.

ಅಲ್ಲಿ ಮೊದಲಿಂದ ಇರುವ ಹಿರಿಯರ ಮಾತು ಕೇಳಿ. ನೀವು ಹತ್ತು ವರ್ಷ ಕೂತರೂ ಕಾಣದ್ದು ಅವರ ನೆನಪಲ್ಲಿರುತ್ತದೆ. ಇಂಡೊನೇಷ್ಯಾದ ಸಿಮೆಲೂ ದ್ವೀಪದಲ್ಲಿ 1907ರಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಉಳಿದವರು ಅದಕ್ಕೆ 'ಸ್ಮೋಂಗ್' ಅಂತ ಹೆಸರಿಟ್ಟು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತಾ ಬಂದರು: ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡಿ. 2004ರ ಡಿಸೆಂಬರ್ 26ರಂದು ನೆಲ ನಡುಗಿದಾಗ ಆ ಒಂದು ಪದ ಕೂಗುತ್ತಾ ಎಲ್ಲರೂ ಓಡಿದರು. ಇಂಡೊನೇಷ್ಯಾದಲ್ಲಿ ಆವತ್ತು ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಸುಮಾರು 78,000 ಜನರಿದ್ದ ಸಿಮೆಲೂನಲ್ಲಿ ಸತ್ತವರು ಏಳು ಮಂದಿ. ನಿಮ್ಮ ಹೊಳೆ ಎಲ್ಲಿಯ ತನಕ ಏರಿತ್ತು, ಯಾವ ಇಳಿಜಾರು ಜಾರಿತ್ತು, ಬೆಂಕಿ ಯಾವ ಕಡೆಯಿಂದ ಬರುತ್ತದೆ, ಇವನ್ನು ಕೇಳಿ ತಿಳಿದುಕೊಳ್ಳಿ.

ಕೇಳಿದ್ದನ್ನೂ ಕಂಡದ್ದನ್ನೂ ಬರೆದಿಡಿ. ತಾರೀಕು, ಹೊತ್ತು, ಗಾಳಿ, ಕಂಡದ್ದು ಒಂದು ಸಾಲು, ಅಷ್ಟೇ ಸಾಕು. ಅಮೆರಿಕದ ಹೆನ್ರಿ ಡೇವಿಡ್ ಥೋರೋ 1850ರ ದಶಕದಲ್ಲಿ ತನ್ನ ಊರು ಕಾಂಕರ್ಡ್‌ನಲ್ಲಿ ಯಾವ ಗಿಡ ಯಾವ ದಿನ ಹೂ ಬಿಟ್ಟಿತು ಅಂತ ಬರೆದಿಟ್ಟಿದ್ದ. ಒಂದೂವರೆ ಶತಮಾನದ ನಂತರ ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರೈಮ್ಯಾಕ್ ಆ ಪಟ್ಟಿ ಹಿಡಿದು ಅದೇ ಜಾಗ ಸುತ್ತಿ, ಈಗ ಹೂಗಳು ಮುಂಚೆಯೇ ಬಿಡುತ್ತಿವೆ ಅಂತ ತೋರಿಸಿದರು. ನನ್ನ ಪುಸ್ತಕದ ಮೊದಲ ಪುಟದಲ್ಲಿ ಆ ಬೋಳು ಮರ ಕಡಿಸಿದ ತಾರೀಕಿದೆ. ಅದರ ಬುಡವನ್ನು ಕೀಳದೆ ಹಾಗೇ ಬಿಟ್ಟೆ. ಮೂರನೇ ವರ್ಷ ಅದರ ಮೇಲೆ ಅಣಬೆ ಎದ್ದವು, ನಾಲ್ಕನೇ ವರ್ಷ ಗೆದ್ದಲು ಬಂತು. ಈ ವರ್ಷ ಒಂದು ಮರಕುಟಿಗ ದಿನಾ ಬೆಳಿಗ್ಗೆ ಏಳರ ಸುಮಾರಿಗೆ ಬಂದು ಆ ಬುಡವನ್ನು ಕುಟ್ಟುತ್ತದೆ, ನಾನು ಹದಿನೈದು ಹೆಜ್ಜೆ ದೂರದಲ್ಲಿ ಕೂತಿರುತ್ತೇನೆ.