ಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವರೇ, ಮೊದಲು ಕೇಳಿ, ಆಮೇಲೆ ಮುಟ್ಟಿ

ಮೈಸೂರಿನಲ್ಲಿ 11 ವರ್ಷದಿಂದ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಲಕ್ವ ಹೊಡೆದವರೇ ಜಾಸ್ತಿ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದು: ಮುಟ್ಟುವ ಮುಂಚೆ ಪೇಷಂಟನ್ನೇ ಕೇಳಿ. ಮಗನನ್ನಲ್ಲ, ಸೊಸೆಯನ್ನಲ್ಲ.

ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿ ಬಲಗೈ, ಬಲಗಾಲು ಸೋತವರಲ್ಲಿ ಎಷ್ಟೋ ಜನರಿಗೆ ಮಾತೂ ನಿಂತುಹೋಗಿರುತ್ತದೆ. ಆದರೆ ಹಲವರಿಗೆ ನಾವು ಹೇಳುವುದು ಅರ್ಥವಾಗುತ್ತಿರುತ್ತದೆ. ಚಿಕ್ಕದಾಗಿ ಕೇಳಿ: "ಅಮ್ಮ, ಸೊಂಟ ಹಿಡಿದು ನಿಲ್ಲಿಸಲಾ?" ಹೂಂ ಅನ್ನುವುದಾದರೆ ಎಡಗೈಯಿಂದ ನಿಮ್ಮ ಬೆರಳನ್ನು ಒಂದು ಸಲ ಒತ್ತಲಿ, ಬೇಡ ಅಂದರೆ ಎರಡು ಸಲ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಕೆಲವರಿಗೆ ಹೌದು, ಬೇಡ ಎರಡೂ ಅದಲುಬದಲಾಗುತ್ತವೆ. ಹಾಗಾಗಿ ಮುಖ ನೋಡಿ, ಇನ್ನೊಮ್ಮೆ ಕೇಳಿ. ಮೈ ಬಿಗಿಹಿಡಿದರೆ ಅಲ್ಲಿಗೇ ಕೈ ತೆಗೆಯಿರಿ.

ಪೇಷಂಟನ್ನೇ ಕೇಳಬೇಕು ಅನ್ನುವುದು ನನಗೆ ಗೊತ್ತಾದದ್ದು ತಪ್ಪು ಮಾಡಿದ ಮೇಲೆ. ಒಬ್ಬ ಅಜ್ಜಿ ಮೊದಲ ಸಲ ಎಂಟು ಹೆಜ್ಜೆ ಹಾಕಿದರು. ಮಗಳು "ಹಾಕಿ ಮೇಡಂ" ಅಂದರು ಅಂತ ವಿಡಿಯೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಮಾರನೇ ದಿನ ಖುಷಿಯಿಂದ ತೋರಿಸಿದರೆ, ಅಜ್ಜಿ ಎಡಗೈಯಿಂದ ಸೆರಗೆಳೆದು ವಾರೆಯಾದ ಬಾಯಿ ಮುಚ್ಚಿಕೊಂಡರು. ಅಲ್ಲೇ ಅಳಿಸಿದೆ, ಪಕ್ಕದಲ್ಲಿ ಕೂತು ಕ್ಷಮೆ ಕೇಳಿದೆ. ಇವತ್ತಿಗೂ ಆ ಸೆರಗು ಕಣ್ಣಮುಂದೆ ಬರುತ್ತದೆ. ಈಗ ವಿಡಿಯೋ ಬೇಕಾದರೆ ಅವರ ಮನೆಯ ಫೋನಿನಲ್ಲೇ ತೆಗೆಯುತ್ತೇನೆ.

ಫೀಸು, ಬರುವ ಹೊತ್ತು, ಯಾವಾಗ ಫೋನ್ ಮಾಡಬಹುದು ಅನ್ನುವುದನ್ನೆಲ್ಲ ಮೊದಲ ದಿನವೇ ಹೇಳಿಬಿಡಿ. ಕಾಫಿ ಕೊಟ್ಟರೆ ಕುಡಿಯಿರಿ, ಬೇಡ ಅಂದರೆ ಬೇಜಾರಾಗುತ್ತಾರೆ. ಹಬ್ಬಕ್ಕೆ ಸೀರೆ ಕೊಟ್ಟರೆ ಅರಿಶಿನ ಕುಂಕುಮ ಮಾತ್ರ ತೆಗೆದುಕೊಳ್ಳಿ. ಆಸ್ತಿ ಮಾತು ಶುರುವಾದರೆ ಎದ್ದು ಬನ್ನಿ. "ಬಿಪಿ ಮಾತ್ರೆ ನಿಲ್ಲಿಸಬಹುದಾ?" ಅಂದರೆ, ಅವರ ಡಾಕ್ಟರಿಗೆ ಆಗಲೇ ಫೋನ್ ಮಾಡಿಸಿ.

ಕಷ್ಟವಾಗುವುದು ಒಂದು ಮನೆಗೆ ಹೋಗುವುದನ್ನು ನಿಲ್ಲಿಸುವಾಗ. ಪೇಷಂಟು ತಾವೇ ಬಚ್ಚಲಿಗೆ ಹೋಗಿಬರುತ್ತಿರುತ್ತಾರೆ, ಆದರೂ ಮನೆಯವರು "ಬರ್ತಾ ಇರಿ, ನೀವು ಬಂದರೆ ಅಮ್ಮನಿಗೆ ಧೈರ್ಯ" ಅನ್ನುತ್ತಾರೆ. ನಮಗೂ ಫೀಸು ಬರುತ್ತದೆ, ಅಲ್ವಾ? ಅಂಥ ಹೊತ್ತಲ್ಲೇ ಇನ್ನು ನಾನು ಬೇಕಾಗಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಎರಡು ವಾರ ಮೊದಲೇ ಹೇಳಿ. ವ್ಯಾಯಾಮಗಳನ್ನು ದೊಡ್ಡಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡಿ. ಕೆಳಗೆ "ಸೋತ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ" ಅಂತ ಮನೆಯವರಿಗಾಗಿ ಸೇರಿಸಿ. ಹಾಳೆ ಎಲ್ಲಿ ಅಂಟಿಸಲಿ ಅಂತ ಅಮ್ಮನನ್ನೇ ಕೇಳಿ.