ಕ್ಯಾಮೆರಾ ಕಣ್ಣಿಗೆ ಎಲ್ಲವೂ ದೋಷವೇ

ಕಾರಿನ ಡ್ಯಾಶ್‌ಬೋರ್ಡಿಗೆ ಹೋಗುವ ಎಲ್‌ಸಿಡಿ ಸ್ಕ್ರೀನ್ ಜೋಡಿಸುವ ಕಾರ್ಖಾನೆಯಲ್ಲಿ ನಾನು ಟೆಸ್ಟ್ ಎಂಜಿನಿಯರ್. ಬೆಂಗಳೂರಿನ ಹೊರವಲಯ. ಪ್ಯಾನೆಲ್ ಹೊರದೇಶದಿಂದ ಬರುತ್ತದೆ. ಅದಕ್ಕೆ ಬೋರ್ಡು, ಕವರ್ ಗ್ಲಾಸ್, ಫ್ರೇಮು ಸೇರಿಸಿ ಕಳಿಸುವುದು ನಮ್ಮ ಕೆಲಸ. ಲೈನಿನ ಕೊನೆಗೆ ಕೂತು ಕಣ್ಣಲ್ಲೇ ನೋಡಿ ಪಾಸು-ಫೇಲು ಹೇಳುವ ಜಾಗಕ್ಕೆ ಕ್ಯಾಮೆರಾ ಹಾಕಬೇಕು ಅಂತ ತೀರ್ಮಾನವಾಯಿತು. ಕೆಲಸ ನನ್ನ ಪಾಲಿಗೆ ಬಂತು.

ಇದನ್ನು ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಯಾವ ಎಐ ಹಾಕಿದ್ರಿ? ಅದಕ್ಕೆ ಆಮೇಲೆ ಬರುತ್ತೇನೆ. ದೋಷ ಹುಡುಕಲು ಹಿಡಿದದ್ದು ಸ್ವಲ್ಪ ಸಮಯ. ದೋಷವಲ್ಲದ್ದನ್ನು ಚಿತ್ರದಿಂದ ಆಚೆ ಇಡಲು ಹಿಡಿದದ್ದೇ ಜಾಸ್ತಿ.

ಮೊದಲು ಎದುರಾದದ್ದು ಮೊಯ್ರೆ. ನಮ್ಮ ಸ್ಕ್ರೀನು 12.3 ಇಂಚು, 1920×720 ಪಿಕ್ಸೆಲ್. ಒಂದೊಂದು ಪಿಕ್ಸೆಲ್ಲಿನಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಚುಕ್ಕಿ. ಲೆಕ್ಕ ಹಾಕಿದರೆ 41 ಲಕ್ಷ ದಾಟುತ್ತದೆ. ಇತ್ತ ಕ್ಯಾಮೆರಾದ ಸೆನ್ಸರ್ ಕೂಡ ಚೌಕಚೌಕವೇ. ಸೊಳ್ಳೆಪರದೆ ಎರಡು ಪದರ ಒಂದರ ಮೇಲೊಂದು ಬಿದ್ದಾಗ ಅಲೆಅಲೆಯಾಗಿ ಪಟ್ಟೆ ಕಾಣುತ್ತದಲ್ಲ, ಹಾಗೇ ಇಲ್ಲೂ ಪಟ್ಟೆ ಏಳುತ್ತದೆ. ಸ್ಕ್ರೀನಿನಲ್ಲಿ ಅದು ಇರುವುದೇ ಇಲ್ಲ, ಚಿತ್ರದಲ್ಲಿ ಮಾತ್ರ ಇರುತ್ತದೆ. ಸ್ಕ್ರೀನಿನ ಒಂದು ಪಿಕ್ಸೆಲ್ಲಿಗೆ ಕ್ಯಾಮೆರಾದ ಪಿಕ್ಸೆಲ್ ಅಡ್ಡಕ್ಕೂ ಉದ್ದಕ್ಕೂ ನಾಲ್ಕಾದರೂ ಸಿಗುವ ಹಾಗೆ 65 ಮೆಗಾಪಿಕ್ಸೆಲ್ ಕ್ಯಾಮೆರಾ ತರಿಸಿದೆವು. ಅದನ್ನು ಒಂದೆರಡು ಡಿಗ್ರಿ ತಿರುಗಿಸಿ ಕೂರಿಸಿ, ಫೋಕಸ್ಸನ್ನು ಕೂದಲೆಳೆಯಷ್ಟು ತಪ್ಪಿಸಿದೆವು. ಆಮೇಲೆ ಸಾಫ್ಟ್‌ವೇರಿನಲ್ಲಿ ಸ್ಕ್ರೀನಿನ ಪ್ರತಿ ಪಿಕ್ಸೆಲ್ಲಿಗೆ ಒಂದೇ ಅಂಕಿ ಬರುವಂತೆ ಸರಾಸರಿ ತೆಗೆದೆವು. ದುಬಾರಿ ಕ್ಯಾಮೆರಾ ತಂದು ಬೇಕಂತಲೇ ಮಸುಕು ಮಾಡ್ತೀರಲ್ಲ ಅಂತ ಪರ್ಚೇಸ್‌ನವರು ನಕ್ಕರು.

ಎಕ್ಸ್‌ಪೋಶರ್‌ಗೂ, ಅಂದರೆ ಸೆನ್ಸರ್ ಬೆಳಕು ಹಿಡಿಯುವ ಸಮಯಕ್ಕೂ, ಒಂದು ಲೆಕ್ಕವಿದೆ. ಸ್ಕ್ರೀನು ಸೆಕೆಂಡಿಗೆ 60 ಸಲ ರಿಫ್ರೆಶ್ ಆಗುತ್ತದೆ, ಬ್ಯಾಕ್‌ಲೈಟ್ (ಸ್ಕ್ರೀನಿನ ಹಿಂದಿನ ದೀಪ) ಅದಕ್ಕಿಂತ ವೇಗವಾಗಿ ಮಿಟುಕುತ್ತದೆ. 50 ಮಿಲಿಸೆಕೆಂಡಿಗೆ ಸರಿಯಾಗಿ ಮೂರು ಫ್ರೇಮು ಕೂರುತ್ತವೆ. ಮನಸ್ಸಿಗೆ ಬಂದ ಅಂಕಿ ಹಾಕಿದರೆ ಚಿತ್ರದಿಂದ ಚಿತ್ರಕ್ಕೆ ಬೆಳಕು ಹೆಚ್ಚುಕಮ್ಮಿ ಆಗುತ್ತದೆ. ಎಲ್‌ಸಿಡಿಯನ್ನು ಓರೆಯಿಂದ ನೋಡಿದರೆ ಮಂಕು, ಹಾಗಾಗಿ ಕ್ಯಾಮೆರಾ ಆದಷ್ಟು ದೂರ ಇರಬೇಕು, ಲೆನ್ಸಿನ ಫೋಕಲ್ ಲೆಂತ್ ಉದ್ದ ಇರಬೇಕು. ಇಲ್ಲದಿದ್ದರೆ ನಾಲ್ಕೂ ಮೂಲೆ ಫೇಲು.

ಇನ್ನು ಧೂಳು. ಕ್ಲೀನ್‌ರೂಮ್ ಇದೆ, ಧೂಳು ಅಂಟಿಸುವ ಸ್ಥಿರ ವಿದ್ಯುತ್ತನ್ನು ಕಳೆಯಲು ಅಯನೈಸರ್ ಗಾಳಿ ಊದುತ್ತದೆ, ಆದರೂ ಗಾಜಿನ ಮೇಲೆ ಒಂದು ಎಳೆ ಬಂದು ಕೂರುತ್ತದೆ. ಕ್ಯಾಮೆರಾಗೆ ಅದೊಂದು ಕಪ್ಪು ಚುಕ್ಕಿ. ಸತ್ತ ಪಿಕ್ಸೆಲ್ ಕೂಡ ಕಪ್ಪು ಚುಕ್ಕಿಯೇ. ಬೇರೆ ಮಾಡುವುದು ಹೇಗೆ?

ಲೈನಿನಲ್ಲಿ ತುಂಬ ವರ್ಷದಿಂದ ಪ್ಯಾನೆಲ್ ನೋಡುತ್ತಿದ್ದ ಒಬ್ಬ ಅಕ್ಕ ಇದ್ದರು. ಅವರ ಪಕ್ಕ ನಿಂತು ನೋಡಿದೆ. ಚುಕ್ಕಿ ಕಂಡ ಕೂಡಲೇ ಪ್ಯಾನೆಲ್ಲನ್ನು ಎರಡು ಕೈಯಲ್ಲಿ ಹಿಡಿದು ಟ್ಯೂಬ್‌ಲೈಟಿನ ಕಡೆಗೆ ಸ್ವಲ್ಪ ವಾಲಿಸುತ್ತಿದ್ದರು. ಚುಕ್ಕಿ ಹೊಳೆದರೆ ಮೇಲಿನದು. "ನೋಡಿ ಸರ್, ಇದು ಒಳಗಿಲ್ಲ, ಕೂತಿರೋದು," ಅಂದು ಬಟ್ಟೆಯಲ್ಲಿ ಒರೆಸಿ ಮುಂದಕ್ಕೆ ತಳ್ಳುತ್ತಿದ್ದರು. ಎಲ್ಲ ಸೇರಿ ಎರಡು ಸೆಕೆಂಡು ಇಲ್ಲ.

ಅದನ್ನೇ ಕ್ಯಾಮೆರಾ ಇರುವ ಪೆಟ್ಟಿಗೆಯೊಳಗೆ ಮಾಡಿದೆವು. ಸ್ಕ್ರೀನ್ ಆಫ್ ಮಾಡಿ, ನಾಲ್ಕೂ ಬದಿಯಿಂದ ಗಾಜಿಗೆ ಸವರಿದ ಹಾಗೆ ಎಲ್‌ಇಡಿ ಬೆಳಕು ಬಿಟ್ಟು ಒಂದು ಫೋಟೊ. ಇದರಲ್ಲಿ ಧೂಳು, ಗೀರು, ಬೆರಳಚ್ಚು ಮಾತ್ರ ಬೆಳ್ಳಗೆ ಹೊಳೆಯುತ್ತವೆ, ಒಳಗಿನ ದೋಷ ಕಾಣುವುದೇ ಇಲ್ಲ. ಆನ್ ಮಾಡಿ ತೆಗೆದ ಚಿತ್ರದ ಚುಕ್ಕಿಯ ಜಾಗದಲ್ಲಿ ಇಲ್ಲೂ ಹೊಳಪಿದ್ದರೆ ಧೂಳೆಂದು ಲೆಕ್ಕ. ಫೇಲ್ ಮಾಡುವುದಿಲ್ಲ, ಒರೆಸಲು ಕಳಿಸುತ್ತದೆ. ಸುಮ್ಮಸುಮ್ಮನೆ ಫೇಲಾಗುತ್ತಿದ್ದ ಪ್ಯಾನೆಲ್‌ಗಳಲ್ಲಿ ಬಹುಪಾಲು ಇದೊಂದರಿಂದಲೇ ಉಳಿದವು. ಉದ್ದ ಗೀರಿಗೆ ಬೇರೆ ನಿಯಮ ಬರೆದೆವು. ಅದು ಧೂಳಲ್ಲ, ಒರೆಸಿದರೂ ಹೋಗುವುದಿಲ್ಲ.

ಸತ್ತ ಪಿಕ್ಸೆಲ್, ಸದಾ ಉರಿಯುವ ಪಿಕ್ಸೆಲ್, ಗೆರೆ, ಇವೆಲ್ಲ ಸುಲಭ. ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಒಂದೊಂದಾಗಿ ತೋರಿಸಿ, ಪ್ರತಿ ಪಿಕ್ಸೆಲ್ಲನ್ನು ಅಕ್ಕಪಕ್ಕದವುಗಳ ಜೊತೆ ಹೋಲಿಸಿದರೆ ಸಾಕು.

ತಲೆ ತಿಂದದ್ದು ಮುರಾ. ಬೂದು ಬಣ್ಣ ತೋರಿಸಿದಾಗ ಮೋಡದ ಹಾಗೆ ತೇಲುವ ಕಲೆ. ಅಂಚೇ ಇರುವುದಿಲ್ಲ. ಒಬ್ಬರಿಗೆ ಕಾಣುತ್ತದೆ, ಪಕ್ಕದವರಿಗೆ ಕಾಣುವುದಿಲ್ಲ. ಕೈಯಲ್ಲಿ ನೋಡುವಾಗ 5% ಬೆಳಕು ಮಾತ್ರ ಬಿಡುವ ಎನ್‌ಡಿ ಫಿಲ್ಟರ್ ಹಿಡಿದು, ಅದರಲ್ಲೂ ಕಂಡರೆ ಫೇಲು ಅನ್ನುವುದು ರೂಢಿ. ಕ್ಯಾಮೆರಾಗೆ ಅಂಕಿ ಬೇಕಲ್ಲ? ಸೆಮಿ (SEMI) ಅನ್ನುವ ಚಿಪ್ ಉದ್ಯಮದ ಸಂಸ್ಥೆಯ ಮಾನದಂಡದಲ್ಲಿ ಅದಕ್ಕೊಂದು ಸೂತ್ರವಿದೆ. ಕಲೆ ದೊಡ್ಡದಾದಷ್ಟೂ ಸಣ್ಣ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ ಅನ್ನುವುದು ಅದರ ಬುಡ. 1 ಚದರ ಮಿ.ಮೀ. ಕಲೆ ಕಾಣಬೇಕಾದರೆ ಅದರ ಬೆಳಕಿಗೂ ಸುತ್ತಲಿನ ಬೆಳಕಿಗೂ ಸುಮಾರು 2.7% ವ್ಯತ್ಯಾಸ ಇರಬೇಕು, 100 ಚದರ ಮಿ.ಮೀ. ಆದರೆ 1.15% ಸಾಕು. ನಾವು ಇದನ್ನೇ ಹಾಕಿದೆವು. ಆದರೆ ಎಷ್ಟರವರೆಗೆ ಬಿಡಬಹುದು ಅನ್ನುವುದನ್ನು ಸೂತ್ರ ಹೇಳುವುದಿಲ್ಲ. ಗಿರಾಕಿ ಕಡೆಯವರನ್ನು ಕರೆಸಿ, ಅಂಚಿನಲ್ಲಿದ್ದ ಪ್ಯಾನೆಲ್‌ಗಳನ್ನು ಸಾಲಾಗಿ ಇಟ್ಟು, ಇಲ್ಲಿಂದ ಆಚೆ ಬೇಡ ಅಂತ ಸಹಿ ಹಾಕಿಸಿಕೊಂಡೆವು. ಈ ಲಿಮಿಟ್ ಸ್ಯಾಂಪಲ್ ಇಲ್ಲದೆ ಥ್ರೆಶೋಲ್ಡ್ (ಪಾಸು-ಫೇಲಿನ ಗಡಿ ಅಂಕಿ) ತಿರುಗಿಸುತ್ತಾ ಕೂರುವುದು ದಂಡ.

ಈಗ ಎಐ. ಹಾಕಿದ್ದೇವೆ. ಒಳ್ಳೆಯ ಪ್ಯಾನೆಲ್‌ಗಳ ಚಿತ್ರ ಮಾತ್ರ ಕಲಿತು, ಬೇರೆ ಥರ ಇದ್ದದ್ದನ್ನು ಎತ್ತಿ ತೋರಿಸುವ ಮಾದರಿ. ದೋಷದ ಚಿತ್ರ ಸಾಕಷ್ಟು ಸಿಗುವುದಿಲ್ಲವಲ್ಲ, ಅದಕ್ಕೇ ಈ ದಾರಿ. ಹೆಸರಿಲ್ಲದ ವಿಚಿತ್ರ ಕಲೆಗಳನ್ನು ಹಿಡಿಯಲು ಒಳ್ಳೆಯದು. ಆದರೆ ಪ್ಯಾನೆಲ್ ಯಾಕೆ ಫೇಲಾಯಿತು ಅಂತ ಗಿರಾಕಿ ಕೇಳಿದಾಗ ಅಂಕಿ ತೋರಿಸಲು ಹಳೇ ಲೆಕ್ಕವೇ ಬೇಕು. ಎರಡನ್ನೂ ಜೊತೆಗೆ ಓಡಿಸುತ್ತೇವೆ.

ಕೊನೆಗೆ ಸೇರಿಸಿದ್ದು ಕಪ್ಪು ಪರದೆಯ ಮುರಾ. ರಾತ್ರಿ ಕಾರು ಓಡಿಸುವಾಗ ಇದೇ ಕಣ್ಣಿಗೆ ಚುಚ್ಚುವುದು. ಗಾಜು ಎಲ್ಲಾದರೂ ಒತ್ತಿಕೊಂಡರೆ ಅಲ್ಲಿ ಬೆಳಕಿನ ಪೋಲರೈಸೇಶನ್ (ಅಲೆ ಕಂಪಿಸುವ ದಿಕ್ಕು) ಬದಲಾಗಿ, ಕಪ್ಪಿನಲ್ಲೂ ಬ್ಯಾಕ್‌ಲೈಟ್ ಸೋರುತ್ತದೆ. ಬೆಳಕು ತೀರಾ ಕಮ್ಮಿ. ಹಾಗಾಗಿ ಕೆಲವು ಸೆಕೆಂಡಿನ ಎಕ್ಸ್‌ಪೋಶರ್ ಬೇಕು, ಪೆಟ್ಟಿಗೆಯ ಸಂದಿಗೆಲ್ಲ ಕಪ್ಪು ಟೇಪು ಬೇಕು. ಕಲೆ ದೊಡ್ಡದಿರುವುದರಿಂದ ಕ್ಯಾಮೆರಾ ಪಿಕ್ಸೆಲ್‌ಗಳನ್ನು ಗುಂಪು ಮಾಡಿ ಓದಿದರೂ ನಡೆಯುತ್ತದೆ. ಸ್ವಲ್ಪ ಸಮಯ ಉಳಿಯುತ್ತದೆ.

ಒಂದು ವಾರದ ಕಪ್ಪು ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಕೂಡಿಸಿ ನೋಡಿದಾಗ ಬಿಳಿಚಿದ ಜಾಗಗಳು ಫ್ರೇಮಿನ ಸ್ಕ್ರೂಗಳ ಪಕ್ಕಕ್ಕೇ ಬಂದವು. ಅಂದರೆ ಪ್ಯಾನೆಲ್ ಬರುವಾಗ ಸರಿಯಾಗೇ ಇತ್ತು, ಬಿಗಿದದ್ದು ನಾವು. ಟಾರ್ಕ್ (ಸ್ಕ್ರೂ ತಿರುಗಿಸುವ ಬಲ) ಇಳಿಸಿ, ಮೂಲೆಯಿಂದ ಎದುರು ಮೂಲೆಗೆ ಬಿಗಿಯುವ ಕ್ರಮ ತಂದ ಮೇಲೆ ಬಿಳಿಚು ಕಮ್ಮಿಯಾಯಿತು. ಆ ಕೂಡಿಸಿದ ಚಿತ್ರ ಈಗ ಪ್ರತಿ ಶಿಫ್ಟಿನ ಕೊನೆಗೆ ಸ್ಕ್ರೂ ಸ್ಟೇಷನ್ನಿನ ಮಾನಿಟರಿಗೂ ಹೋಗುತ್ತದೆ.