ಹೊಲದಲ್ಲಿ ಕಡಜ ಕಚ್ಚಿದರೆ

ಸಿಂಧನೂರಿನ ಭತ್ತದ ಗದ್ದೆಯಿರಲಿ, ಕುಷ್ಟಗಿಯ ದಾಳಿಂಬೆ ತೋಟವಿರಲಿ, ಕಡಜ ಗೂಡು ಕಟ್ಟುವ ಜಾಗಗಳು ಹೆಚ್ಚುಕಡಿಮೆ ಇವೇ: ಪಂಪ್‌ಸೆಟ್ ಮನೆಯ ತಗಡಿನ ಕೆಳಗೆ, ಸ್ಟಾರ್ಟರ್ ಡಬ್ಬಿಯೊಳಗೆ, ಬದುವಿನ ಜಾಲಿಯಲ್ಲಿ. ಡಬ್ಬಿ ತೆರೆಯುವ ಮೊದಲು ಒಂದು ನಿಮಿಷ ದೂರ ನಿಂತು, ಹುಳು ಒಳಗೆ-ಹೊರಗೆ ಹಾರಾಡುತ್ತಿದೆಯೇ ನೋಡಿ.

ಕಚ್ಚಿದ ಕೂಡಲೇ ಅಲ್ಲಿಂದ ಸರಿಯಿರಿ. ಹುಳುವನ್ನು ಹೊಸಕಬೇಡಿ, ಅದರ ವಿಷದ ವಾಸನೆಗೆ ಗೂಡಿನ ಉಳಿದವೂ ಎರಗುತ್ತವೆ. ಜೇನುಹುಳುವಿನಂತೆ ಕಡಜ ಸಾಮಾನ್ಯವಾಗಿ ಮುಳ್ಳು ಬಿಟ್ಟುಹೋಗುವುದಿಲ್ಲ, ಹಾಗಾಗಿ ಒಂದೇ ಹುಳು ಮತ್ತೆ ಮತ್ತೆ ಚುಚ್ಚಬಲ್ಲದು. ಕೈಗೆ ಕಚ್ಚಿದ್ದರೆ ಊದಿಕೊಳ್ಳುವ ಮೊದಲೇ ಉಂಗುರ, ಬಳೆ, ಕಡಗ ತೆಗೆಯಿರಿ. ಇದನ್ನೇ ಎಲ್ಲರೂ ಮರೆಯುವುದು. ಸೋಪು-ನೀರಿನಿಂದ ತೊಳೆದು, ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು 10–15 ನಿಮಿಷ ಇಡಿ. ಸುಣ್ಣ, ಮಣ್ಣು, ಸೀಮೆಎಣ್ಣೆ ಬೇಡ; ಚರ್ಮ ಸುಡುತ್ತದೆ, ಇಲ್ಲವೇ ಕೀವಾಗುತ್ತದೆ. ತುರಿಕೆಗೆ ದೊಡ್ಡವರು 10 ಮಿಲಿಗ್ರಾಂ ಸೆಟ್ರಿಜಿನ್ ಒಂದು ಮಾತ್ರೆ ತೆಗೆದುಕೊಳ್ಳಬಹುದು. ನಿದ್ದೆ ಬರಬಹುದು, ಟ್ರ್ಯಾಕ್ಟರ್ ಹತ್ತಬೇಡಿ. ಬಾವು ಎರಡು ದಿನ ಏರಿದರೂ ಗಾಬರಿ ಬೇಡ.

ಗಾಬರಿಯಾಗಬೇಕಾದ ಲಕ್ಷಣಗಳು ಬೇರೆ: ಮೈಯೆಲ್ಲ ದದ್ದು, ತುಟಿ-ನಾಲಿಗೆ ಊತ, ಉಸಿರುಗಟ್ಟುವುದು, ತಲೆಸುತ್ತು, ವಾಂತಿ. ಆಗ ಮಾತ್ರೆ ನಂಬಿ ಕೂರದೆ 108ಕ್ಕೆ ಕರೆ ಮಾಡಿ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ. ಏದುಸಿರಿದ್ದರೆ ಕೂರಿಸಿ, ನಡೆಸಬೇಡಿ. ಇದಕ್ಕೆ ಮುಖ್ಯ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಬಾಯೊಳಗೆ ಕಚ್ಚಿದ್ದರೂ, ಹತ್ತಾರು ಕಡೆ ಕಚ್ಚಿದ್ದರೂ ಆಸ್ಪತ್ರೆಗೇ ಹೋಗಿ. ಆಮೇಲೆ ಮೂತ್ರ ಕಡಿಮೆಯಾದರೆ ಅಥವಾ ಚಹಾ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಪೆಟ್ಟಾಗಿರಬಹುದು, ತಡಮಾಡದೆ ತೋರಿಸಿ.